ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಎಂಆರ್‌ಐ: ಯಾರಿಗೆ ಯಾವ ಪರೀಕ್ಷೆ?

ನಲವತ್ತು ದಾಟಿದ ಹೆಂಗಸರು ನಾಲ್ಕು ಜನ ಕೂತು ಆರೋಗ್ಯದ ಮಾತು ತೆಗೆದರೆ ಈ ಪ್ರಶ್ನೆ ಬಂದೇ ಬರುತ್ತದೆ. ಸ್ತನ ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯೋಕೆ ಮ್ಯಾಮೊಗ್ರಾಮ್ ಮಾಡಿಸಬೇಕಾ, ಅಲ್ಟ್ರಾಸೌಂಡ್ ಸಾಕಾ, ದುಡ್ಡು ಹೋದರೆ ಹೋಗಲಿ ಅಂತ ಎಂಆರ್‌ಐ ಮಾಡಿಸಿಬಿಟ್ಟರೆ ನಿಶ್ಚಿಂತೆಯಾ? ದುಬಾರಿಯದೇ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಮೂರು ಪರೀಕ್ಷೆಗಳು ಒಂದೇ ಕೆಲಸವನ್ನು ಹೆಚ್ಚು ಕಡಿಮೆ ಚೆನ್ನಾಗಿ ಮಾಡುವ ಮೂರು ಯಂತ್ರಗಳಲ್ಲ. ಒಂದೊಂದೂ ದೇಹದ ಒಂದೊಂದು ಗುಣವನ್ನು ನೋಡುತ್ತದೆ, ಒಂದೊಂದಕ್ಕೂ ತನ್ನದೇ ಕುರುಡು ಇದೆ. ಯಾವುದು ನಿಮಗೆ ಎನ್ನುವುದು ನಿಮ್ಮ ವಯಸ್ಸು, ಸ್ತನದ ರಚನೆ ಮತ್ತು ಕುಟುಂಬದ ಚರಿತ್ರೆಯ ಮೇಲೆ ನಿಂತಿದೆ.

ಅದಕ್ಕೂ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು ಕೈಗೆ ಸಿಕ್ಕಿದೆಯೇ? ತೊಟ್ಟಿನಿಂದ ತಾನಾಗಿಯೇ ರಕ್ತ ಅಥವಾ ನೀರಿನಂಥ ದ್ರವ ಬರುತ್ತಿದೆಯೇ? ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿದೆಯೇ, ಚರ್ಮ ದಪ್ಪಗಾಗಿ ಸಣ್ಣ ಸಣ್ಣ ಗುಳಿ ಬಿದ್ದಿದೆಯೇ? ಇದರಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಈ ಲೇಖನದ ಉಳಿದ ಭಾಗವನ್ನು ಆಮೇಲೆ ಓದಿ, ಮೊದಲು ವೈದ್ಯರ ಬಳಿ ಹೋಗಿ. ಸ್ಕ್ರೀನಿಂಗ್ ಎನ್ನುವುದು ಯಾವ ತೊಂದರೆಯೂ ಇಲ್ಲದವರಲ್ಲಿ ರೋಗವನ್ನು ಹುಡುಕುವ ಕೆಲಸ. ಗಂಟು ಸಿಕ್ಕವರಿಗೆ ಬೇಕಾದ್ದು ರೋಗನಿರ್ಣಯ, ಅದರ ದಾರಿ ಬೇರೆ. ಸಾಮಾನ್ಯವಾಗಿ 30ರ ಒಳಗಿನವರಿಗೆ ಮೊದಲು ಅಲ್ಟ್ರಾಸೌಂಡ್, 40 ದಾಟಿದವರಿಗೆ ಮ್ಯಾಮೊಗ್ರಾಮ್ ಜೊತೆಗೆ ಅಲ್ಟ್ರಾಸೌಂಡ್, ನಡುವಿನ ವಯಸ್ಸಿನವರಿಗೆ ವೈದ್ಯರು ನೋಡಿ ನಿರ್ಧರಿಸುತ್ತಾರೆ. ಕೈಗೆ ಸಿಗುವ ಗಂಟಿದ್ದೂ ಮ್ಯಾಮೊಗ್ರಾಮ್ ರಿಪೋರ್ಟ್ ‘ನಾರ್ಮಲ್’ ಎಂದು ಬಂದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ವೈದ್ಯರ ಕೈ, ಚಿತ್ರ, ಅಗತ್ಯಬಿದ್ದರೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ), ಇವೆಲ್ಲ ಒಂದೇ ಮಾತು ಹೇಳುವ ತನಕ ಬಿಡಬಾರದು. ‘ನೋವೇನೂ ಇಲ್ಲವಲ್ಲ’ ಎಂದು ಸುಮ್ಮನಿರುವವರು ನಮ್ಮಲ್ಲಿ ಬಹಳ. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಬಹುಪಾಲು ನೋಯುವುದೇ ಇಲ್ಲ.

ಯಾವ ಲಕ್ಷಣವೂ ಇಲ್ಲದವರ ವಿಚಾರಕ್ಕೆ ಈಗ ಬರೋಣ.

ಎಲ್ಲದಕ್ಕೂ ಬುಡ ಮ್ಯಾಮೊಗ್ರಾಮ್

ಮ್ಯಾಮೊಗ್ರಾಮ್ ಎಂದರೆ ಕಡಿಮೆ ಶಕ್ತಿಯ ಎಕ್ಸ್‌ರೇ. ಸ್ತನವನ್ನು ಎರಡು ಫಲಕಗಳ ನಡುವೆ ಕೆಲವು ಸೆಕೆಂಡು ಒತ್ತಿ ಹಿಡಿದು, ಒಂದೊಂದು ಬದಿಗೆ ಎರಡೆರಡು ಚಿತ್ರ ತೆಗೆಯುತ್ತಾರೆ. ಒತ್ತುವುದು ನೋವಾಗಬಹುದು. ಆದರೆ ಒತ್ತಿದಷ್ಟೂ ಅಂಗಾಂಶ ತೆಳ್ಳಗೆ ಹರಡಿ ಚಿತ್ರ ಸ್ಪಷ್ಟವಾಗುತ್ತದೆ, ವಿಕಿರಣವೂ ಕಡಿಮೆ ಸಾಕಾಗುತ್ತದೆ. ಇಡೀ ಪರೀಕ್ಷೆಯಲ್ಲಿ ಮೈಗೆ ತಗಲುವ ವಿಕಿರಣ ಸುಮಾರು 0.4 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಪ್ರತಿವರ್ಷ ಸಹಜವಾಗಿಯೇ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಅಂದರೆ ಒಂದು ಮ್ಯಾಮೊಗ್ರಾಮ್ ಸುಮಾರು ಎರಡು ತಿಂಗಳ ಸಹಜ ವಿಕಿರಣಕ್ಕೆ ಸಮ. 40ರ ಮೇಲೆ ಈ ಭಯದಿಂದ ಪರೀಕ್ಷೆ ಬಿಡುವುದರಲ್ಲಿ ಅರ್ಥವಿಲ್ಲ.

ಮ್ಯಾಮೊಗ್ರಾಮ್‌ನ ದೊಡ್ಡ ಶಕ್ತಿ ಸುಣ್ಣದ ಕಣಗಳನ್ನು ಹಿಡಿಯುವುದು. ಹಾಲಿನ ನಾಳದೊಳಗೇ ಉಳಿದುಕೊಂಡಿರುವ, ಇನ್ನೂ ಗಂಟೇ ಆಗದ ಕ್ಯಾನ್ಸರ್ ಅನೇಕ ಸಲ ಉಪ್ಪಿನ ಹರಳಿಗಿಂತ ಸಣ್ಣ ಕ್ಯಾಲ್ಸಿಯಂ ಚುಕ್ಕೆಗಳ ಗುಂಪಾಗಿ ಮಾತ್ರ ಕಾಣಿಸಿಕೊಳ್ಳುತ್ತದೆ. ಅಲ್ಟ್ರಾಸೌಂಡ್‌ಗೆ ಇವು ಸರಿಯಾಗಿ ಕಾಣುವುದಿಲ್ಲ. ‘ಅಲ್ಟ್ರಾಸೌಂಡ್ ಮಾಡಿಸಿದ್ದೇನೆ, ಮ್ಯಾಮೊಗ್ರಾಮ್ ಯಾಕೆ’ ಎನ್ನುವವರಿಗೆ ಇದೇ ಉತ್ತರ.

ಇನ್ನೊಂದು ಕಾರಣ ಇನ್ನೂ ಮುಖ್ಯ. ಚಿತ್ರ ತೆಗೆಯುವ ಪರೀಕ್ಷೆಗಳ ಪೈಕಿ, ಸ್ಕ್ರೀನಿಂಗ್ ಮಾಡಿಸಿಕೊಂಡ ಹೆಂಗಸರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಕಡಿಮೆಯಾಯಿತು ಎಂದು ದೊಡ್ಡ ಪ್ರಯೋಗಗಳಲ್ಲಿ ಕಂಡಿರುವುದು ಮ್ಯಾಮೊಗ್ರಾಮ್‌ಗೆ ಮಾತ್ರ. 1963ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 62,000 ಹೆಂಗಸರೊಂದಿಗೆ ಶುರುವಾದ ಅಧ್ಯಯನ ಮೊದಲನೆಯದು. 1977ರಲ್ಲಿ ಸ್ವೀಡನ್ನಿನ ಎರಡು ಜಿಲ್ಲೆಗಳಲ್ಲಿ ಆರಂಭವಾದ ಪ್ರಯೋಗ 1985ರಲ್ಲಿ ತನ್ನ ಲೆಕ್ಕ ಕೊಟ್ಟಾಗ ಸಾವಿನ ಪ್ರಮಾಣ ಶೇ. 31ರಷ್ಟು ಇಳಿದಿತ್ತು. ಎಲ್ಲ ಪ್ರಯೋಗಗಳೂ ಹೀಗೆ ಹೇಳಲಿಲ್ಲ. ಕೆನಡಾದ ಅಧ್ಯಯನದ 25 ವರ್ಷಗಳ ಫಲಿತಾಂಶ 2014ರಲ್ಲಿ ಬಂದಾಗ, ಮ್ಯಾಮೊಗ್ರಾಮ್ ಮಾಡಿಸಿದವರಿಗೂ ಮಾಡಿಸದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದರ ವಿಧಾನದ ಬಗ್ಗೆ ವಾದ ಇವತ್ತಿಗೂ ನಿಂತಿಲ್ಲ.

2012ರಲ್ಲಿ ಬ್ರಿಟನ್ನಿನ ಸ್ವತಂತ್ರ ಸಮಿತಿಯೊಂದು ಈ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ ಕೊಟ್ಟ ಲೆಕ್ಕ ನನಗೆ ಎಲ್ಲಕ್ಕಿಂತ ಪ್ರಾಮಾಣಿಕ ಅನ್ನಿಸುತ್ತದೆ. 50ನೇ ವಯಸ್ಸಿನಿಂದ 20 ವರ್ಷ ಕಾಲ 10,000 ಹೆಂಗಸರನ್ನು ಸ್ಕ್ರೀನಿಂಗ್‌ಗೆ ಕರೆದರೆ ಸುಮಾರು 43 ಸಾವುಗಳು ತಪ್ಪುತ್ತವೆ. ಅದೇ ವೇಳೆಗೆ ಸುಮಾರು 129 ಜನರಿಗೆ, ಬದುಕಿರುವ ತನಕ ಯಾವ ತೊಂದರೆಯನ್ನೂ ಕೊಡದೇ ಇರುತ್ತಿದ್ದ ಕ್ಯಾನ್ಸರ್ ಪತ್ತೆಯಾಗಿ ಚಿಕಿತ್ಸೆಯಾಗುತ್ತದೆ. ನಿಧಾನವಾಗಿ ಬೆಳೆಯುವ ಕೆಲವು ಕ್ಯಾನ್ಸರ್‌ಗಳು ಹಾಗೇ ಇದ್ದುಬಿಡುತ್ತವೆ. ಯಾವುದು ಇದ್ದುಬಿಡುತ್ತದೆ, ಯಾವುದು ಹಬ್ಬುತ್ತದೆ ಎಂದು ಪತ್ತೆಯಾದ ದಿನ ಯಾರಿಗೂ ಹೇಳಲಾಗುವುದಿಲ್ಲ. ಹಾಗಾಗಿ ಎಲ್ಲಕ್ಕೂ ಶಸ್ತ್ರಚಿಕಿತ್ಸೆ, ಹಲವರಿಗೆ ರೇಡಿಯೇಷನ್. ಈ 43 ಮತ್ತು 129ನ್ನು ಎದುರುಬದುರು ಇಟ್ಟು ನೋಡಿದ ಮೇಲೂ ಪರೀಕ್ಷೆ ಬೇಕು ಎನ್ನುವವರು ಬಹಳ ಜನ, ನಾನೂ ಅವರಲ್ಲೊಬ್ಬಳು. ಆದರೆ ಎರಡನೆಯ ಅಂಕಿಯನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಹೆಂಗಸರಿಗೆ ಮಾಡುವ ಅನ್ಯಾಯ.

ಎಷ್ಟು ವಯಸ್ಸಿಗೆ, ಎಷ್ಟು ವರ್ಷಕ್ಕೊಮ್ಮೆ ಎಂಬುದರಲ್ಲೂ ದೇಶದೇಶಗಳು ಬೇರೆ ಬೇರೆ ತಕ್ಕಡಿ ಹಿಡಿದಿರುವುದು ಇದಕ್ಕೇ. ಬ್ರಿಟನ್ನಿನಲ್ಲಿ 50ರಿಂದ 71ರ ತನಕ ಮೂರು ವರ್ಷಕ್ಕೊಮ್ಮೆ ಕರೆ ಬರುತ್ತದೆ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2024ರಲ್ಲಿ 40ರಿಂದ 74ರ ತನಕ ಎರಡು ವರ್ಷಕ್ಕೊಮ್ಮೆ ಎಂದಿತು. ಅದಕ್ಕೆ ಮೊದಲು ಅದರ ಸಲಹೆ 50ರಿಂದ ಆರಂಭವಾಗುತ್ತಿತ್ತು, ನಲವತ್ತರ ದಶಕದವರು ವೈದ್ಯರ ಜೊತೆ ಮಾತಾಡಿ ನಿರ್ಧರಿಸಲಿ ಎಂದು ಬಿಟ್ಟಿತ್ತು.

ಬಿಳಿಯೊಳಗೆ ಬಿಳಿ

ಮ್ಯಾಮೊಗ್ರಾಮ್‌ನ ಕುರುಡು ಎಲ್ಲಿದೆ ಎಂದು ತಿಳಿದರೆ ಉಳಿದ ಪರೀಕ್ಷೆಗಳು ಯಾಕೆ ಹುಟ್ಟಿದವು ಎಂಬುದೂ ತಿಳಿಯುತ್ತದೆ. ಸ್ತನದಲ್ಲಿ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿಗಳು ಮತ್ತು ನಾರಿನಂಥ ಅಂಗಾಂಶ ಇರುತ್ತದೆ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಕೂಡ ಬೆಳ್ಳಗೇ. ಕೊಬ್ಬು ಹೆಚ್ಚಿದ್ದರೆ ಬಿಳಿ ಗಂಟು ಎದ್ದು ಕಾಣುತ್ತದೆ. ಗ್ರಂಥಿ ಹೆಚ್ಚಿದ್ದರೆ ಹತ್ತಿಯ ರಾಶಿಯಲ್ಲಿ ಬಿದ್ದ ಮಲ್ಲಿಗೆ ಮೊಗ್ಗನ್ನು ಹುಡುಕಿದ ಹಾಗೆ. ರೇಡಿಯಾಲಜಿಸ್ಟ್‌ಗಳು ಈ ದಟ್ಟಣೆಯನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಲ್ಲಿ ಬರೆಯುತ್ತಾರೆ. ಎ ಎಂದರೆ ಬಹುಪಾಲು ಕೊಬ್ಬು, ಡಿ ಎಂದರೆ ಅತಿ ದಟ್ಟ. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಕೊಬ್ಬಿನ ಸ್ತನಗಳಲ್ಲಿ ಮ್ಯಾಮೊಗ್ರಾಮ್ ನೂರಕ್ಕೆ 87 ಕ್ಯಾನ್ಸರ್‌ಗಳನ್ನು ಹಿಡಿದರೆ, ಅತಿ ದಟ್ಟ ಸ್ತನಗಳಲ್ಲಿ 63ನ್ನು ಮಾತ್ರ ಹಿಡಿಯಿತು. ದಟ್ಟಣೆ ಹೆಚ್ಚಿದ್ದವರಿಗೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಹೆಚ್ಚೇ.

ಕೈಯಿಂದ ಮುಟ್ಟಿ, ಕನ್ನಡಿಯಲ್ಲಿ ನೋಡಿ ದಟ್ಟಣೆ ಗೊತ್ತಾಗುವುದಿಲ್ಲ. ಸ್ತನದ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊದಲ ಮ್ಯಾಮೊಗ್ರಾಮ್ ಆದ ಮೇಲೆಯೇ ತಿಳಿಯಬೇಕು. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಪ್ರತಿಯೊಬ್ಬರಿಗೂ ಇದನ್ನು ಬರೆದು ತಿಳಿಸುವುದು ಕಡ್ಡಾಯ. ಇಲ್ಲಿ ನೀವೇ ರಿಪೋರ್ಟ್‌ನಲ್ಲಿ ಹುಡುಕಿ, ಕಾಣದಿದ್ದರೆ ಕೇಳಿ.

ದಟ್ಟ ಎಂದು ಬಂದರೆ ಏನು ಮಾಡುವುದು? ಮೊದಲ ಆಯ್ಕೆ ಟೋಮೊಸಿಂಥೆಸಿಸ್. ಸೆಂಟರ್‌ಗಳಲ್ಲಿ ಇದನ್ನು ತ್ರೀಡಿ ಮ್ಯಾಮೊಗ್ರಾಮ್ ಎನ್ನುತ್ತಾರೆ. ಎಕ್ಸ್‌ರೇ ಕೊಳವೆ ಸ್ತನದ ಮೇಲೆ ಕಮಾನಿನಂತೆ ಚಲಿಸುತ್ತ ಹಲವು ಕೋನಗಳಿಂದ ಚಿತ್ರ ತೆಗೆದು, ಕಂಪ್ಯೂಟರ್ ಅದನ್ನು ಸುಮಾರು ಒಂದು ಮಿಲಿಮೀಟರ್‌ನ ಪದರಗಳಾಗಿ ಬಿಡಿಸುತ್ತದೆ. ಒಂದರ ಮೇಲೊಂದು ಬಿದ್ದು ಮರೆಯಾಗಿದ್ದ ಅಂಗಾಂಶ ಬೇರ್ಪಡುವುದರಿಂದ, ಸಾವಿರ ಜನರಲ್ಲಿ ಒಂದೆರಡು ಕ್ಯಾನ್ಸರ್ ಹೆಚ್ಚಿಗೆ ಸಿಗುತ್ತದೆ. ಅತಿ ದಟ್ಟ ಸ್ತನದಲ್ಲಿ ಮಾತ್ರ ಇದರ ಲಾಭವೂ ಕುಗ್ಗುತ್ತದೆ.

ಎರಡನೆಯದು ಮ್ಯಾಮೊಗ್ರಾಮ್ ಜೊತೆಗೆ ಅಲ್ಟ್ರಾಸೌಂಡ್. ಶಬ್ದದ ಅಲೆಗಳಿಗೆ ದಟ್ಟಣೆ ಅಷ್ಟು ಅಡ್ಡಿಯಲ್ಲ. ನೀರು ತುಂಬಿದ ಚೀಲವೋ ಗಟ್ಟಿ ಗಂಟೋ ಎಂದು ಹೇಳುವುದರಲ್ಲಿ ಇದನ್ನು ಮೀರಿಸುವ ಸುಲಭ ಪರೀಕ್ಷೆ ಇಲ್ಲ. ವಿಕಿರಣ ಇಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತದೆ. ಜಪಾನಿನಲ್ಲಿ 40ರಿಂದ 49 ವಯಸ್ಸಿನ ಸುಮಾರು 73,000 ಹೆಂಗಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮ್ಯಾಮೊಗ್ರಾಮ್ ಒಂದೇ ನೂರಕ್ಕೆ 77 ಕ್ಯಾನ್ಸರ್‌ಗಳನ್ನು ಹಿಡಿದರೆ ಎರಡೂ ಸೇರಿ 91 ಹಿಡಿದವು. ನಮ್ಮಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ, ಆ ವಯಸ್ಸಿನಲ್ಲಿ ಸ್ತನ ದಟ್ಟವಾಗಿಯೇ ಇರುತ್ತದೆ. ಆದ್ದರಿಂದ ಈ ಫಲಿತಾಂಶ ನಮಗೆ ಹತ್ತಿರದ್ದು. ಬೆಲೆ ಇಲ್ಲದೇ ಇಲ್ಲ. ಕ್ಯಾನ್ಸರ್ ಅಲ್ಲದ ಎಷ್ಟೋ ಗಂಟುಗಳು ಕಂಡು, ಸೂಜಿ ಚುಚ್ಚಿಸಿಕೊಂಡು, ಏನೂ ಇಲ್ಲ ಎನ್ನಿಸಿಕೊಂಡು ಬರುವವರ ಸಂಖ್ಯೆ ಏರುತ್ತದೆ. ಅಲ್ಲದೆ ಮಾಡುವವರ ಕೈ ಪಳಗಿದ್ದರೆ ಮಾತ್ರ ಈ ಪರೀಕ್ಷೆಗೆ ಬೆಲೆ. ಹೊಟ್ಟೆ ಸ್ಕ್ಯಾನ್ ದಿನವೂ ಮಾಡುವವರೆಲ್ಲ ಸ್ತನದ ಸ್ಕ್ಯಾನ್‌ನಲ್ಲೂ ಪಳಗಿರುತ್ತಾರೆ ಎಂದೇನಿಲ್ಲ.

ಎಂಆರ್‌ಐ ಯಾರಿಗೆ

ಎಂಆರ್‌ಐ ನೋಡುವುದು ರಕ್ತದ ಓಡಾಟವನ್ನು. ಕ್ಯಾನ್ಸರ್ ಬೆಳೆಯಬೇಕಾದರೆ ತನಗೆಂದೇ ಹೊಸ ರಕ್ತನಾಳಗಳನ್ನು ಕಟ್ಟಿಕೊಳ್ಳುತ್ತದೆ, ಆ ನಾಳಗಳು ಸೋರುತ್ತವೆ. ತೋಳಿನ ನರಕ್ಕೆ ಕೊಟ್ಟ ಗಡೋಲಿನಿಯಂ ಔಷಧ ಅಲ್ಲಿ ಬೇಗ ಸೇರಿಕೊಂಡು ಹೊಳೆಯುತ್ತದೆ. ದಟ್ಟಣೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಿಡಿಯುವ ಶಕ್ತಿಯಲ್ಲಿ ಎಂಆರ್‌ಐ ಎಲ್ಲಕ್ಕಿಂತ ಮುಂದು ಎಂಬುದರಲ್ಲಿ ಅನುಮಾನವಿಲ್ಲ.

ಹಾಗಾದರೆ ಎಲ್ಲರಿಗೂ ಯಾಕಲ್ಲ? ನೆದರ್ಲೆಂಡ್ಸ್‌ನಲ್ಲಿ ಅತಿ ದಟ್ಟ ಸ್ತನವಿರುವ, ಮ್ಯಾಮೊಗ್ರಾಮ್ ನಾರ್ಮಲ್ ಬಂದ 40,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ. ಎರಡು ತಪಾಸಣೆಗಳ ನಡುವೆ ತಾನಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್, ಎಂಆರ್‌ಐಗೆ ಕರೆ ಹೋದ ಗುಂಪಿನಲ್ಲಿ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತು. ಇದು ದೊಡ್ಡ ಫಲ. ಜೊತೆಗೆ, ಎಂಆರ್‌ಐ ಮಾಡಿಸಿದ ಸಾವಿರ ಜನರಲ್ಲಿ ಸುಮಾರು 80 ಜನಕ್ಕೆ ಇಲ್ಲದ ಕ್ಯಾನ್ಸರ್‌ನ ಅನುಮಾನ ಬಂದು ಮುಂದಿನ ಪರೀಕ್ಷೆಗಳಾದವು. ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ. ಎಂಆರ್‌ಐಯಲ್ಲಿ ಮಾತ್ರ ಕಂಡ ಚುಕ್ಕೆಯ ಬಯಾಪ್ಸಿಯನ್ನು ಎಂಆರ್‌ಐ ನೋಡಿಕೊಂಡೇ ಮಾಡಬೇಕು, ಆ ಸೌಲಭ್ಯ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿದೆ. ಅನುಮಾನವನ್ನು ಹುಟ್ಟಿಸಿ ಬಗೆಹರಿಸಲಾಗದ ಪರೀಕ್ಷೆ ಆರೋಗ್ಯವಂತೆಯ ನಿದ್ದೆಯನ್ನು ತಿಂಗಳುಗಟ್ಟಲೆ ಕೆಡಿಸುತ್ತದೆ.

ಎಂಆರ್‌ಐ ನಿಜವಾಗಿ ಬೇಕಾದವರು ಇದ್ದಾರೆ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನ್‌ನಲ್ಲಿ ದೋಷವಿರುವವರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹತ್ತರಲ್ಲಿ ಆರೇಳು. ಇವರಿಗೆ 25ರ ಸುಮಾರಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಅದರ ಜೊತೆ ಮ್ಯಾಮೊಗ್ರಾಮ್ ಎಂಬುದು ಸಾಮಾನ್ಯ ಸಲಹೆ. 10ರಿಂದ 30ರ ವಯಸ್ಸಿನೊಳಗೆ ಬೇರೆ ಕ್ಯಾನ್ಸರ್‌ಗಾಗಿ ಎದೆಗೆ ರೇಡಿಯೇಷನ್ ಪಡೆದವರೂ, ಕುಟುಂಬದ ಚರಿತ್ರೆಯ ಲೆಕ್ಕದಲ್ಲಿ ಜೀವಮಾನದ ಅಪಾಯ ಶೇ. 20 ದಾಟುವವರೂ ಇದೇ ಸಾಲಿಗೆ ಸೇರುತ್ತಾರೆ. ಕುಟುಂಬ ಎಂದಾಗ ಅಮ್ಮ, ಚಿಕ್ಕಮ್ಮ, ಅಜ್ಜಿಯನ್ನು ಮಾತ್ರ ನೆನೆಯಬೇಡಿ. ಅಪ್ಪನ ಅಕ್ಕತಂಗಿಯರು, ಅಪ್ಪನ ಅಮ್ಮ ಕೂಡ ಅಷ್ಟೇ ಮುಖ್ಯ, ಈ ಜೀನ್ ತಂದೆಯಿಂದಲೂ ಬರುತ್ತದೆ. ಅಂಡಾಶಯದ ಕ್ಯಾನ್ಸರ್ ಆದವರಿದ್ದರೆ ಅದನ್ನೂ, ಮನೆಯ ಗಂಡಸರಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಇನ್ನೊಂದು ಕಡೆ, ಸ್ತನ ಕ್ಯಾನ್ಸರ್ ಬಂದ ಹೆಚ್ಚಿನವರಿಗೆ ಹತ್ತಿರದ ಸಂಬಂಧಿಗಳಲ್ಲಿ ಯಾರಿಗೂ ಅದು ಇರುವುದಿಲ್ಲ. ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂಬುದು ತಪಾಸಣೆ ಬಿಡಲು ಕಾರಣವಾಗಬಾರದು.

ಎಂಆರ್‌ಐ ಮತ್ತು ಮ್ಯಾಮೊಗ್ರಾಮ್ ನಡುವೆ ಹೊಸದೊಂದು ಬರುತ್ತಿದೆ. ಅಯೋಡಿನ್ ಔಷಧವನ್ನು ನರಕ್ಕೆ ಕೊಟ್ಟು ತೆಗೆಯುವ ಕಾಂಟ್ರಾಸ್ಟ್ ಮ್ಯಾಮೊಗ್ರಾಮ್ ಅದು. 2025ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ, ಮ್ಯಾಮೊಗ್ರಾಮ್ ನಾರ್ಮಲ್ ಇದ್ದ ದಟ್ಟ ಸ್ತನದವರಲ್ಲಿ ಇದು ಸಾವಿರಕ್ಕೆ ಸುಮಾರು 19 ಕ್ಯಾನ್ಸರ್ ಹಿಡಿಯಿತು. ಚುಟುಕು ಎಂಆರ್‌ಐ 17 ಹಿಡಿದರೆ, ಸ್ವಯಂಚಾಲಿತ ಅಲ್ಟ್ರಾಸೌಂಡ್ 4 ಮಾತ್ರ. ಎಂಆರ್‌ಐಗಿಂತ ಕಡಿಮೆ ಖರ್ಚು, ಕಡಿಮೆ ಸಮಯ. ಆ ಔಷಧದ ಅಲರ್ಜಿ ಇರುವವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಆಗದು. ಮುಂದೆ ಜೀವ ಎಷ್ಟು ಉಳಿಸುತ್ತದೆ ಎಂಬ ಲೆಕ್ಕ ಬರಲು ವರ್ಷಗಳು ಬೇಕು.

ಯಂತ್ರವಿಲ್ಲದ ಊರಿನಲ್ಲಿ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ನೆಲದ ಸ್ಥಿತಿಯನ್ನೂ ನೋಡಬೇಕು. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, 98,000ಕ್ಕೂ ಹೆಚ್ಚು ಜನ ತೀರಿಕೊಂಡರು ಎಂಬುದು ಅಂತರರಾಷ್ಟ್ರೀಯ ಅಂದಾಜು. ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲೂ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಇದೇ ಮೊದಲ ಸ್ಥಾನದಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ. 0.9. ನೂರಕ್ಕೆ ಒಬ್ಬರೂ ಇಲ್ಲ. ತ್ರೀಡಿಯೋ ಟೂಡಿಯೋ ಎಂಬ ಚರ್ಚೆ ಎಷ್ಟು ಕಡಿಮೆ ಜನರದ್ದು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಈ ಸಂಕಟಕ್ಕೆ ಉತ್ತರ ಹುಡುಕಿದರು. 1998ರಿಂದ ನಗರದ ಬಡ ಬಡಾವಣೆಗಳ 1.5 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿಸಿದರು. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 20 ವರ್ಷಗಳ ಫಲಿತಾಂಶ 2021ರಲ್ಲಿ ಬಂತು. ಕ್ಯಾನ್ಸರ್ ಮೊದಲಿಗಿಂತ ಆರಂಭದ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು. 50ರೊಳಗಿನವರಲ್ಲಿ ಸಾವು ಇಳಿಯಲಿಲ್ಲ ಎಂಬುದನ್ನೂ ಹೇಳಲೇಬೇಕು. ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಪ್ರತಿ ಹೆಣ್ಣುಮಗಳಿಗೂ ಐದು ವರ್ಷಕ್ಕೊಮ್ಮೆ ಇದೇ ಕೈಯ ಪರೀಕ್ಷೆ ಮಾಡಬೇಕೆಂದಿದೆ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಕೇಳಿ. ಅದು ನಿಮ್ಮ ಹಕ್ಕು.

ನನ್ನ ಅಭಿಪ್ರಾಯವನ್ನು ಇಲ್ಲಿ ನೇರವಾಗಿ ಹೇಳುತ್ತೇನೆ. ವಿಶೇಷ ಅಪಾಯವಿಲ್ಲದ ಹೆಣ್ಣುಮಗಳಿಗೆ 40ರ ಒಳಗೆ ಚಿತ್ರ ತೆಗೆಯುವ ಸ್ಕ್ರೀನಿಂಗ್ ಬೇಡ. 50ರಿಂದ 70ರ ತನಕ, ಅನುಕೂಲವಿದ್ದರೆ, ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮಾಡಿಸುವುದು ಆಧಾರ ಗಟ್ಟಿಯಾಗಿರುವ ಸಲಹೆ. 40ರಿಂದ 49ರವರು ಲಾಭ ಸಣ್ಣದು, ಸುಳ್ಳು ಎಚ್ಚರಿಕೆ ಹೆಚ್ಚು ಎಂದು ತಿಳಿದು ಮಾಡಿಸಬಹುದು, ದಟ್ಟ ಇದ್ದರೆ ಅಲ್ಟ್ರಾಸೌಂಡ್ ಸೇರಿಸಬಹುದು. ಬ್ರಿಟನ್ನಿನಲ್ಲಿ ಈ ಕ್ಯಾನ್ಸರ್ ನಮಗಿಂತ ಮೂರು ಪಟ್ಟಿಗೂ ಹೆಚ್ಚು. ಅಲ್ಲಿಯ ಲಾಭದ ಅಂಕಿಯನ್ನು ಇಲ್ಲಿಗೆ ಹಾಗೇ ತರಲು ಬರುವುದಿಲ್ಲ.

ಕೆಲವಕ್ಕೆ ದುಡ್ಡು ಕೊಡಬೇಡಿ. ಮೈಯ ಶಾಖವನ್ನು ನೋಡುವ ಥರ್ಮೋಗ್ರಫಿ ನೋವಿಲ್ಲದ್ದು, ಮುಟ್ಟದೇ ಮಾಡುವಂಥದ್ದು ಎಂಬುದು ನಿಜ. ಆದರೆ ಅದು ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಎಚ್ಚರಿಸಿದೆ. ಹೆಲ್ತ್ ಚೆಕಪ್ ಪ್ಯಾಕೇಜ್‌ಗಳಲ್ಲಿ ಸೇರಿಸುವ ಸಿಎ 15-3 ರಕ್ತ ಪರೀಕ್ಷೆಯಿಂದ ಆರಂಭದ ಕ್ಯಾನ್ಸರ್ ಪತ್ತೆಯಾಗುವುದಿಲ್ಲ. ಪೆಟ್ ಸ್ಕ್ಯಾನ್ ಆರೋಗ್ಯವಂತರಿಗಲ್ಲ.

ಪರೀಕ್ಷೆಯ ದಿನ, ರಿಪೋರ್ಟ್ ಬಂದ ಮೇಲೆ

ಮುಟ್ಟು ಇನ್ನೂ ಆಗುತ್ತಿದ್ದರೆ, ಮುಗಿದ ಮರುವಾರ ಹೋಗಿ, ನೋವು ಕಡಿಮೆ ಇರುತ್ತದೆ. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ, ಅದರ ಕಣ ಸುಣ್ಣದ ಚುಕ್ಕೆಯಂತೆ ಚಿತ್ರದಲ್ಲಿ ಬೀಳಬಹುದು. ಕತ್ತಿನ ಸರ ತೆಗೆಯಲು ಹೇಳುತ್ತಾರೆ. ಹಳೆಯ ಮ್ಯಾಮೊಗ್ರಾಮ್‌ನ ಫಿಲ್ಮ್ ಅಥವಾ ಸಿಡಿ ಇದ್ದರೆ ಮರೆಯದೇ ಒಯ್ಯಿರಿ. ಎರಡು ವರ್ಷದ ಹಿಂದೆಯೂ ಇದ್ದ, ಬದಲಾಗದ ನೆರಳು ಎಂದು ಗೊತ್ತಾದರೆ ಎಷ್ಟೋ ಬಯಾಪ್ಸಿಗಳು ತಪ್ಪುತ್ತವೆ.

ರಿಪೋರ್ಟ್‌ನ ಕೊನೆಯಲ್ಲಿ ಬೈ-ರಾಡ್ಸ್ ಎಂದು ಬರೆದು ಒಂದು ಅಂಕಿ ಇರುತ್ತದೆ. ಇದನ್ನು ಕ್ಯಾನ್ಸರ್‌ನ ಸ್ಟೇಜ್ ಎಂದು ತಿಳಿದು, ‘ನಾಲ್ಕು’ ಎಂದು ಕಂಡಾಕ್ಷಣ ಮನೆಯವರೆಲ್ಲ ಕುಸಿದು ಕೂರುವುದುಂಟು. ಸ್ಟೇಜ್‌ಗೂ ಇದಕ್ಕೂ ಸಂಬಂಧವೇ ಇಲ್ಲ. 0 ಎಂದರೆ ಚಿತ್ರ ಸಾಲದು, ಇನ್ನೊಂದು ಪರೀಕ್ಷೆ ಬೇಕು ಎಂದಷ್ಟೇ. 1 ಮತ್ತು 2ರಲ್ಲಿ ಚಿಂತೆಯಿಲ್ಲ. 3 ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಆರು ತಿಂಗಳ ಮೇಲೆ ಮತ್ತೆ ನೋಡುತ್ತಾರೆ. 4 ಎಂದರೆ ಬಯಾಪ್ಸಿ ಮಾಡಿ ನೋಡಬೇಕಾದ ಅನುಮಾನ, ಈ ಗುಂಪಿನೊಳಗೆ ಸಾಧ್ಯತೆ ಶೇ. 2ರಿಂದ 95ರ ತನಕ ಹರಡಿದೆ. ಆದ್ದರಿಂದಲೇ ಅದನ್ನು ಎ, ಬಿ, ಸಿ ಎಂದು ಮತ್ತೆ ಒಡೆಯುತ್ತಾರೆ. 5 ಎಂದರೆ ಬಹುತೇಕ ಖಚಿತ. 6 ಎಂದರೆ ಈಗಾಗಲೇ ಬಯಾಪ್ಸಿಯಲ್ಲಿ ಸಾಬೀತಾದದ್ದು. ಅಮೆರಿಕದ ಲೆಕ್ಕದಲ್ಲಿ ಸ್ಕ್ರೀನಿಂಗ್ ಮಾಡಿಸಿದ ಸಾವಿರ ಜನರಲ್ಲಿ ಸುಮಾರು ನೂರು ಜನರನ್ನು ಮತ್ತೆ ಕರೆಯುತ್ತಾರೆ, ಅವರಲ್ಲಿ ಕ್ಯಾನ್ಸರ್ ಇರುವುದು ಸುಮಾರು ಐವರಿಗೆ.

ಬಯಾಪ್ಸಿ ಎಂದ ಕೂಡಲೇ ಹಿಂದೆ ಸರಿಯುವವರು ಬಹಳ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು ತಿಳಿವಳಿಕೆ. ಸ್ತನಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ಕೋರ್ ಸೂಜಿಯಿಂದ ಎಳೆಯಷ್ಟು ತುಣುಕು ತೆಗೆಯುತ್ತಾರೆ, ಅವತ್ತೇ ಮನೆಗೆ ಹೋಗಬಹುದು. ರೋಗದ ಬಗೆ ತಿಳಿಯದೇ ಗಂಟನ್ನೇ ನೇರವಾಗಿ ಕೊಯ್ದು ತೆಗೆಸಿಕೊಂಡರೆ ಮುಂದಿನ ಚಿಕಿತ್ಸೆಯ ಲೆಕ್ಕವೇ ತಪ್ಪಬಹುದು. ಆದ್ದರಿಂದ ತಪಾಸಣೆಗೆ ದುಡ್ಡು ಕಟ್ಟುವ ಮೊದಲೇ ಆ ಸೆಂಟರ್‌ನಲ್ಲಿ ಕೇಳಿಬಿಡಿ: ಏನಾದರೂ ಕಂಡರೆ ಬಯಾಪ್ಸಿ ಇಲ್ಲೇ ಆಗುತ್ತದೆಯೇ, ಇಲ್ಲವಾದರೆ ಎಲ್ಲಿಗೆ ಕಳಿಸುತ್ತೀರಿ, ಫಲಿತಾಂಶಕ್ಕೆ ಎಷ್ಟು ದಿನ? ಮೊದಲ ಬಾರಿ ವೈದ್ಯರನ್ನು ಕಂಡ ದಿನದಿಂದ 60 ದಿನದೊಳಗೆ ರೋಗನಿರ್ಣಯ ಮುಗಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗುರಿ.